ಜರ್ಮನಿಯಲ್ಲಿ ಪಿಎಚ್‌.ಡಿ.: ಅರ್ಜಿ ಫಾರಂ ಎಲ್ಲಿದೆ?

ವಿದೇಶದಲ್ಲಿ ಪಿಎಚ್‌.ಡಿ. ಮಾಡುವ ಬಗ್ಗೆ ಬಂದಿರುವ ಪತ್ರಗಳಲ್ಲಿ ಜರ್ಮನಿಯ ಹೆಸರೇ ಹೆಚ್ಚು. ಬೋಧನಾ ಶುಲ್ಕ ಇಲ್ಲ, ಸಂಬಳ ಸಿಗುತ್ತದೆ, ಪ್ರಬಂಧವನ್ನು ಇಂಗ್ಲಿಷಿನಲ್ಲೇ ಬರೆಯಬಹುದು ಎಂದು ಕೇಳಿ ಬಹಳ ಜನ ಬರೆದಿದ್ದಾರೆ. ಈ ಮಾತುಗಳು ಬಹುಮಟ್ಟಿಗೆ ನಿಜ. ಆದರೆ ಅಲ್ಲಿಗೆ ಹೋಗುವ ದಾರಿ ನಮ್ಮ ವಿಶ್ವವಿದ್ಯಾಲಯಗಳ ದಾರಿಯಂತಿಲ್ಲ. ನಮ್ಮಲ್ಲಿ ಅಧಿಸೂಚನೆ, ಪ್ರವೇಶ ಪರೀಕ್ಷೆ, ಸಂದರ್ಶನ ಎಲ್ಲ ಮುಗಿದ ಮೇಲೆ ಗೈಡ್ ಸಿಗುತ್ತಾರೆ. ಅಲ್ಲಿ ಮೊದಲು ಗೈಡ್ ಸಿಗಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಈ ಬಾರಿಯ ಉತ್ತರಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸದ ಸುತ್ತಲೇ ಇವೆ.

ಎಂ.ಎಸ್‌ಸಿ. ರಸಾಯನಶಾಸ್ತ್ರ, ಎರಡನೇ ವರ್ಷ. ನಾಲ್ಕೈದು ಜರ್ಮನ್ ವಿಶ್ವವಿದ್ಯಾಲಯಗಳ ವೆಬ್‌ಸೈಟ್ ಜಾಲಾಡಿದೆ. ಮಾಸ್ಟರ್ಸ್‌ಗೆ ಅರ್ಜಿ ಇದೆ, ಕೊನೆಯ ದಿನಾಂಕ ಇದೆ. ಪಿಎಚ್‌.ಡಿ.ಗೆ ಎರಡೂ ಕಾಣುತ್ತಿಲ್ಲ. ಎಲ್ಲಿ ಹುಡುಕಬೇಕು?
– ವಿದ್ಯಾರ್ಥಿನಿ, ಮೈಸೂರು

ನಿಮ್ಮ ಕಣ್ಣು ತಪ್ಪಿಲ್ಲ. ಬಹಳಷ್ಟು ಕಡೆ ಅಂಥ ಅರ್ಜಿಯೇ ಇಲ್ಲ. ಜರ್ಮನಿಯಲ್ಲಿ ಡಾಕ್ಟರೇಟ್‌ಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಹಳೆಯ ದಾರಿ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ನೇರವಾಗಿ ಸೇರುವುದು. ಗೈಡನ್ನು ಅವರ ಭಾಷೆಯಲ್ಲಿ ‘ಡಾಕ್ಟರ್‌ಫಾಟರ್’ ಅನ್ನುತ್ತಾರೆ, ಅಂದರೆ ಡಾಕ್ಟರೇಟಿನ ತಂದೆ. ಮಹಿಳೆಯಾದರೆ ‘ಡಾಕ್ಟರ್‌ಮುಟರ್’. ಇವತ್ತಿಗೂ ಹೆಚ್ಚಿನವರು ಡಾಕ್ಟರೇಟ್ ಪಡೆಯುವುದು ಈ ದಾರಿಯಲ್ಲೇ. ಇದಕ್ಕೆ ವರ್ಷಕ್ಕೊಂದು ಕೊನೆಯ ದಿನಾಂಕ ಇರುವುದಿಲ್ಲ. ಪ್ರಾಧ್ಯಾಪಕರ ಪ್ರಾಜೆಕ್ಟಿಗೆ ದುಡ್ಡು ಬಂದಾಗ ಹುದ್ದೆ ಹುಟ್ಟುತ್ತದೆ. ಅದನ್ನು ಕೆಲಸದ ಜಾಹೀರಾತಿನಂತೆ ಪ್ರಕಟಿಸುತ್ತಾರೆ, ನೀವು ಕೆಲಸಕ್ಕೆ ಹಾಕುವಂತೆಯೇ ಅರ್ಜಿ ಹಾಕಬೇಕು. ಹಾಗಾಗಿ ನೀವು ನೋಡಬೇಕಾದ್ದು ವಿಶ್ವವಿದ್ಯಾಲಯದ ‘ಪ್ರವೇಶ’ ಪುಟವನ್ನಲ್ಲ, ‘ಉದ್ಯೋಗಾವಕಾಶ’ ಪುಟವನ್ನು. ಅದರ ಜೊತೆಗೆ ಆಯಾ ಸಂಶೋಧನಾ ಗುಂಪಿನ ಸ್ವಂತ ಪುಟ, ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ‘ಪಿಎಚ್‌ಡಿ ಜರ್ಮನಿ’, ಯುರೋಪಿನ ‘ಯುರಾಕ್ಸೆಸ್’ ಜಾಲತಾಣಗಳನ್ನೂ ವಾರಕ್ಕೊಮ್ಮೆ ನೋಡಿ.

ಎರಡನೆಯದು ಗ್ರಾಜುಯೇಟ್ ಸ್ಕೂಲ್ ದಾರಿ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಶೋಧನಾ ಶಾಲೆಗಳು, ಜರ್ಮನ್ ರಿಸರ್ಚ್ ಫೌಂಡೇಶನ್ ಹಣ ಕೊಡುವ ರಿಸರ್ಚ್ ಟ್ರೈನಿಂಗ್ ಗ್ರೂಪ್‌ಗಳು ಈ ಬಗೆಯವು. ಇಲ್ಲಿ ಅರ್ಜಿ, ಕೊನೆಯ ದಿನಾಂಕ, ಸಂದರ್ಶನ, ಒಂದಿಷ್ಟು ತರಗತಿ ಎಲ್ಲ ಉಂಟು. ಇವುಗಳಲ್ಲಿ ಹಲವು ಸೆಪ್ಟೆಂಬರ್‌ನಿಂದ ಜನವರಿಯೊಳಗೆ ಅರ್ಜಿ ಮುಗಿಸಿ ಮುಂದಿನ ವರ್ಷಕ್ಕೆ ತೆಗೆದುಕೊಳ್ಳುತ್ತವೆ. ಎರಡನೇ ವರ್ಷದಲ್ಲಿರುವ ನಿಮಗೆ ಸಮಯ ಇರುವುದು ಈಗಲೇ.

ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಮ್ಯಾಕ್ಸ್ ಪ್ಲಾಂಕ್, ಹೆಲ್ಮ್‌ಹೋಲ್ಟ್ಸ್, ಲೈಬ್ನಿಟ್ಸ್, ಫ್ರೌನ್‌ಹೋಫರ್ ಸಂಸ್ಥೆಗಳಲ್ಲಿ ಲ್ಯಾಬ್ ಇದೆ, ಸಂಬಳ ಇದೆ, ಆದರೆ ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯದ್ದು. ಅಲ್ಲಿ ಕೆಲಸ ಸಿಕ್ಕವರೂ ಯಾವುದಾದರೂ ವಿಶ್ವವಿದ್ಯಾಲಯದ ಫ್ಯಾಕಲ್ಟಿಯಲ್ಲಿ (ಅಂದರೆ ನಿಕಾಯದಲ್ಲಿ) ಡಾಕ್ಟರೇಟ್ ಅಭ್ಯರ್ಥಿಯಾಗಿ ಬೇರೆಯಾಗಿ ಸ್ವೀಕೃತರಾಗಬೇಕು. ಪ್ರಾಧ್ಯಾಪಕರು ಒಪ್ಪಿದ್ದು ಒಂದು, ಸಂಬಳದ ಕರಾರು ಇನ್ನೊಂದು, ಫ್ಯಾಕಲ್ಟಿಯ ಸ್ವೀಕೃತಿ ಮತ್ತೊಂದು. ಮೂರೂ ಬೇರೆ ಬೇರೆ ಕಾಗದ. ಮೊದಲ ಎರಡು ಕೈಗೆ ಬಂದ ಖುಷಿಯಲ್ಲಿ ಮೂರನೆಯದನ್ನು ಮರೆತು ಲ್ಯಾಬಿನಲ್ಲಿ ಮುಳುಗಿಹೋಗುವವರಿದ್ದಾರೆ. ಒಂದೂವರೆ ವರ್ಷದ ಮೇಲೆ ಫ್ಯಾಕಲ್ಟಿಗೆ ಹೋದಾಗ ‘ನಿಮ್ಮ ಎಂ.ಎಸ್‌ಸಿ.ಯಲ್ಲಿ ಇಂಥ ವಿಷಯ ಇಲ್ಲ, ಎರಡು ಪರೀಕ್ಷೆ ಬರೆಯಿರಿ’ ಎಂಬ ಷರತ್ತು ಬಂದರೆ ಪ್ರಯೋಗ ಬಿಟ್ಟು ಪರೀಕ್ಷೆಗೆ ಓದಬೇಕಾಗುತ್ತದೆ. ಸೇರಿದ ಮೊದಲ ಎರಡು ಮೂರು ತಿಂಗಳಲ್ಲೇ ಸ್ವೀಕೃತಿ ಪತ್ರ ಪಡೆಯಿರಿ.

ಫ್ಯಾಕಲ್ಟಿಯ ಡಾಕ್ಟರೇಟ್ ನಿಯಮಾವಳಿಯನ್ನು ‘ಪ್ರೊಮೊಟ್ಸಿಯೋನ್ಸ್‌ಓರ್ಡ್ನುಂಗ್’ ಎನ್ನುತ್ತಾರೆ. ಅರ್ಜಿ ಹಾಕುವ ಮೊದಲೇ ಅದನ್ನು ಇಳಿಸಿಕೊಂಡು ಓದಿ. ಪ್ರವೇಶದ ಅರ್ಹತೆ, ಪ್ರಬಂಧದ ಭಾಷೆ, ಲೇಖನಗಳನ್ನು ಜೋಡಿಸಿ ಪ್ರಬಂಧ ಮಾಡಬಹುದೇ ಎನ್ನುವುದು, ಪ್ರಕಟಣೆಯ ನಿಯಮ ಎಲ್ಲ ಅದರಲ್ಲೇ ಇರುತ್ತದೆ. ಒಂದೇ ವಿಶ್ವವಿದ್ಯಾಲಯದ ಎರಡು ಫ್ಯಾಕಲ್ಟಿಗಳ ನಿಯಮ ಬೇರೆ ಬೇರೆಯಾಗಿರಬಹುದು.

ಅರವತ್ತಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಇಮೇಲ್ ಕಳಿಸಿದೆ. ಇಬ್ಬರು ‘ಹುದ್ದೆ ಇಲ್ಲ’ ಅಂದರು, ಉಳಿದವರು ಉತ್ತರಿಸಲೇ ಇಲ್ಲ. ಎಂ.ಟೆಕ್‌ನಲ್ಲಿ ಶೇ 78 ಇದೆ. ನನ್ನ ಅಂಕ ಸಾಲದೇ?
– ಎಂ.ಟೆಕ್ ಪದವೀಧರ, ದಾವಣಗೆರೆ

ಅಂಕದ ಲೆಕ್ಕ ಮೊದಲು ನೋಡೋಣ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸ್ ಗೆರೆ. ವಿದೇಶಿ ಅಂಕವನ್ನು ‘ಬವೇರಿಯನ್ ಸೂತ್ರ’ದಲ್ಲಿ ಬದಲಾಯಿಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಅಂಕಕ್ಕೂ ಪಾಸ್ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ. ಬಂದದ್ದನ್ನು 3ರಿಂದ ಗುಣಿಸಿ 1 ಕೂಡಿಸಿ. ಪಾಸ್ ಅಂಕ 40 ಆದರೆ 22ನ್ನು 60ರಿಂದ ಭಾಗಿಸಿದಾಗ ನಿಮ್ಮದು 2.1 ಆಗುತ್ತದೆ. ಪಾಸ್ ಅಂಕ 50 ಎಂದು ಹಿಡಿದರೆ ಅದೇ 78 ಅಂಕ 2.3ಕ್ಕೆ ಇಳಿಯುತ್ತದೆ. ‘2.5 ಅಥವಾ ಉತ್ತಮ’ ಎಂಬ ಗೆರೆ ಹಾಕಿರುವ ಫ್ಯಾಕಲ್ಟಿಗಳಲ್ಲಿ ಎರಡೂ ನಡೆಯುತ್ತದೆ. ಗೆರೆ ಇನ್ನೂ ಬಿಗಿಯಾಗಿರುವ ಕಡೆ ಈ ಚೂರು ವ್ಯತ್ಯಾಸವೇ ನಿರ್ಣಾಯಕ. ನಿಮ್ಮ ಅಂಕಪಟ್ಟಿಯ ಹಿಂಬದಿಯಲ್ಲಿ ಕನಿಷ್ಠ ಪಾಸ್ ಅಂಕ ಮುದ್ರಿತವಾಗಿಲ್ಲದಿದ್ದರೆ ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗದಿಂದ ಒಂದು ಪತ್ರ ಬರೆಸಿಕೊಳ್ಳಿ.

ಹಾಗಾಗಿ ಕೊರತೆ ಅಂಕದಲ್ಲಿಲ್ಲ. ನೀವು ಲಗತ್ತಿಸಿರುವ ಇಮೇಲಿನ ಪ್ರತಿಯಲ್ಲೇ ಕಾರಣ ಇದೆ. ‘ಗೌರವಾನ್ವಿತ ಸರ್’ ಎಂದು ಶುರುವಾಗುತ್ತದೆ, ಪ್ರಾಧ್ಯಾಪಕರ ಹೆಸರಿಲ್ಲ. ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ’ ಎಂದಿದೆ, ಸಂಸ್ಥೆಯ ಹೆಸರಿಲ್ಲ. ಯಾವ ಬೇಸಾಯಕ್ಕೂ ಆಗುವ ಬೀಜದಂತೆ ಯಾರಿಗೆ ಬೇಕಾದರೂ ಕಳಿಸಬಹುದಾದ ಪತ್ರ ಅದು. ಓದುವವರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಜೊತೆಗೆ ಹನ್ನೊಂದು ಲಗತ್ತು.

ಅರವತ್ತು ಬೇಡ, ಹತ್ತು ಸಾಕು. ಪ್ರತಿಯೊಬ್ಬರ ಕಳೆದ ಎರಡು ಮೂರು ವರ್ಷದ ಎರಡು ಲೇಖನಗಳನ್ನಾದರೂ ನಿಜವಾಗಿ ಓದಿ. ಪತ್ರ 200 ಪದ ಮೀರದಿರಲಿ. ವಿಷಯ ಸಾಲಿನಲ್ಲಿ ‘ಪಿಎಚ್‌ಡಿ ವಿಚಾರಣೆ’ ಎಂದಷ್ಟೇ ಬರೆಯದೆ ವಿಷಯದ ಹೆಸರನ್ನೂ ಸೇರಿಸಿ. ಜಾಹೀರಾತಿಗೆ ಉತ್ತರವಾದರೆ ಅದರ ಉಲ್ಲೇಖ ಸಂಖ್ಯೆ ಕಡ್ಡಾಯ. ಮೊದಲ ಪ್ಯಾರಾದಲ್ಲಿ ನೀವು ಯಾರು, ಏನು ಓದಿದ್ದೀರಿ, ಯಾವಾಗಿನಿಂದ ಸೇರಬಲ್ಲಿರಿ ಎನ್ನುವುದಿರಲಿ. ಎರಡನೆಯದು ನಿಮ್ಮ ಎಂ.ಟೆಕ್ ಪ್ರಾಜೆಕ್ಟ್: ಏನನ್ನು ಅಳೆದಿರಿ, ಯಾವ ಉಪಕರಣ ಅಥವಾ ಸಾಫ್ಟ್‌ವೇರ್ ಬಳಸಿದಿರಿ, ಏನು ಸಿಕ್ಕಿತು. ಮೂರನೆಯದರಲ್ಲಿ ಅವರ ಕೆಲಸದ ಯಾವ ಪ್ರಶ್ನೆ ನಿಮ್ಮ ಕೆಲಸಕ್ಕೆ ತಾಕುತ್ತದೆ ಎನ್ನುವುದು. ಹೊಗಳಿಕೆ ಬೇಡ. ಕೊನೆಗೆ ಹಣದ ಮಾತು ನೇರವಾಗಿ ಬರಲಿ. ‘ಹುದ್ದೆ ಇದೆಯೇ? ಇಲ್ಲದಿದ್ದರೆ ನಾನು ಡಿಎಎಡಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರೆ ಮಾರ್ಗದರ್ಶನಕ್ಕೆ ಒಪ್ಪುತ್ತೀರಾ?’ ಎಂದು ಕೇಳಿದರೆ ಅವರಿಗೆ ‘ಹೂಂ’ ಅನ್ನಲು ಇನ್ನೊಂದು ದಾರಿ ಸಿಗುತ್ತದೆ.

ಲಗತ್ತು ಒಂದೇ ಪಿಡಿಎಫ್: ಎರಡು ಪುಟದ ಸಿ.ವಿ., ಅಂಕಪಟ್ಟಿಗಳು, ಪ್ರಾಜೆಕ್ಟಿನ ಒಂದು ಪುಟದ ಸಾರ, ಶಿಫಾರಸು ಮಾಡಬಲ್ಲ ಇಬ್ಬರ ಹೆಸರು ಮತ್ತು ಇಮೇಲ್. ಸಿ.ವಿ.ಯಲ್ಲಿ ತಂದೆಯ ಹೆಸರು, ಜಾತಿ, ಹವ್ಯಾಸ, ಘೋಷಣೆಯ ಸಾಲು ಯಾವುದೂ ಬೇಡ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ಎರಡು ಸಾಲಿನ ನೆನಪೋಲೆ ಕಳಿಸಿ. ಆಮೇಲೂ ಬರದಿದ್ದರೆ ಅವರನ್ನು ಬಿಡಿ. ಆಗಸ್ಟ್‌ನಲ್ಲಿ ಮತ್ತು ಕ್ರಿಸ್‌ಮಸ್ ವಾರಗಳಲ್ಲಿ ಕಳಿಸಬೇಡಿ, ಬಹಳ ಮಂದಿ ರಜೆಯಲ್ಲಿರುತ್ತಾರೆ.

ಜಾಹೀರಾತಿನಲ್ಲಿ ‘ಟಿವಿ-ಎಲ್ ಇ13, ಶೇ 65’ ಎಂದಿದೆ. ಹಾಗಂದರೆ ವಾರಕ್ಕೆ ಮೂರು ದಿನ ಕೆಲಸವೇ? ಸ್ಕಾಲರ್‌ಶಿಪ್ ಉತ್ತಮವೋ ಇದು ಉತ್ತಮವೋ?
– ಸಂಶೋಧನಾ ಸಹಾಯಕ, ಬೆಂಗಳೂರು

ಟಿವಿ-ಎಲ್ ಅನ್ನುವುದು ರಾಜ್ಯ ಸರ್ಕಾರಿ ನೌಕರರ ವೇತನ ಒಪ್ಪಂದ, ಇ13 ಅದರಲ್ಲಿ ಸ್ನಾತಕೋತ್ತರ ಪದವೀಧರರ ಶ್ರೇಣಿ. 2025ರ ದರದಂತೆ ಹೊಸದಾಗಿ ಸೇರುವವರಿಗೆ ಪೂರ್ಣ ಹುದ್ದೆಯಲ್ಲಿ ತಿಂಗಳಿಗೆ ಸುಮಾರು 4,600 ಯೂರೊ. ಶೇ 65 ಎಂದರೆ ಸುಮಾರು 3,000. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆಗಳೆಲ್ಲ ಕಡಿತವಾಗಿ ಒಂಟಿ ವ್ಯಕ್ತಿಯ ಕೈಗೆ ಬರುವುದು 2,000 ಯೂರೊ ಆಸುಪಾಸು. ಮ್ಯೂನಿಕ್‌ನಲ್ಲಿ ಬಾಡಿಗೆಯೇ ಇದರ ದೊಡ್ಡ ಪಾಲನ್ನು ನುಂಗುತ್ತದೆ. ಪೂರ್ವದ ಲೈಪ್ಸಿಗ್, ಯೇನಾ, ಹಾಲೆ ಊರುಗಳಲ್ಲಿ ಅದೇ ಹಣ ಹಗುರವಾಗಿ ಸಾಲುತ್ತದೆ.

ಕಾಗದದ ಮೇಲೆ ಶೇ 65 ಎಂದರೆ ಅಷ್ಟು ಗಂಟೆಯ ಉದ್ಯೋಗ, ಉಳಿದ ಹೊತ್ತು ನಿಮ್ಮ ಪ್ರಬಂಧಕ್ಕೆ. ಲ್ಯಾಬಿನಲ್ಲಿ ಯಾರೂ ಬುಧವಾರ ಮಧ್ಯಾಹ್ನ ಎದ್ದು ಮನೆಗೆ ಹೋಗುವುದಿಲ್ಲ. ವಾರಪೂರ್ತಿ ಕೆಲಸ ಎಂದೇ ತಿಳಿದು ಒಪ್ಪಿಕೊಳ್ಳಿ. ಕಂಪ್ಯೂಟರ್ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಶೇ 100ರ ಹುದ್ದೆಗಳು ಸಾಮಾನ್ಯ. ಜೀವವಿಜ್ಞಾನ, ಮಾನವಿಕ ವಿಷಯಗಳಲ್ಲಿ 50ರಿಂದ 67.

ಕರಾರು ಮತ್ತು ವಿದ್ಯಾರ್ಥಿವೇತನ ಎರಡೂ ಕೈಯಲ್ಲಿದ್ದರೆ ಕರಾರನ್ನೇ ಆರಿಸಿಕೊಳ್ಳಿ ಎನ್ನುವುದು ನಮ್ಮ ಖಚಿತ ಸಲಹೆ. ಕರಾರಿನಲ್ಲಿ ಆರೋಗ್ಯ ವಿಮೆಯ ಅರ್ಧ ಪಾಲನ್ನು ಉದ್ಯೋಗದಾತರು ಕಟ್ಟುತ್ತಾರೆ, ಪಿಂಚಣಿಯ ವರ್ಷಗಳು ಜಮೆಯಾಗುತ್ತವೆ, ಕರಾರು ಮುಗಿದ ಮೇಲೆ ನಿರುದ್ಯೋಗ ಭತ್ಯೆಯ ಹಕ್ಕು ಇರುತ್ತದೆ. ವಿದ್ಯಾರ್ಥಿವೇತನಕ್ಕೆ ಇವು ಇಲ್ಲ. ಡಿಎಎಡಿಯಂಥ ದೊಡ್ಡ ಸಂಸ್ಥೆ ತಾನೇ ವಿಮೆ ಮಾಡಿಸುತ್ತದೆ. ಸಣ್ಣ ನಿಧಿಗಳಲ್ಲಿ ಮಾತ್ರ ಎಚ್ಚರ ಬೇಕು. ಡಾಕ್ಟರೇಟ್ ಅಭ್ಯರ್ಥಿಗೆ ಅಲ್ಲಿ ವಿದ್ಯಾರ್ಥಿಗಳ ಅಗ್ಗದ ವಿಮಾ ದರ ಸಿಗದು, ಪೂರ್ತಿ ಕಂತು ನಿಮ್ಮ ಜೇಬಿನಿಂದಲೇ. ಡಿಎಎಡಿಗೆ ಹಾಕುವವರು ಎರಡು ಷರತ್ತುಗಳನ್ನು ಮೊದಲೇ ನೋಡಿ: ಕೊನೆಯ ಪದವಿ ಮುಗಿದು 6 ವರ್ಷ ಮೀರಿರಬಾರದು, ಅರ್ಜಿಯ ವೇಳೆಗೆ ಜರ್ಮನಿಯಲ್ಲಿ 15 ತಿಂಗಳಿಗಿಂತ ಹೆಚ್ಚು ವಾಸವಾಗಿರಬಾರದು. ಅಲ್ಲೇ ಎರಡು ವರ್ಷ ಮಾಸ್ಟರ್ಸ್ ಮಾಡಿದವರು ಇದರಲ್ಲೇ ಹೊರಬೀಳುತ್ತಾರೆ.

ಹಣದ ಮೊತ್ತಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಸಂದರ್ಶನದಲ್ಲಿ ನೀವೇ ಕೇಳಿ: ಕರಾರು ಎಷ್ಟು ವರ್ಷಕ್ಕೆ, ಹಿಂದಿನವರು ಎಷ್ಟು ವರ್ಷದಲ್ಲಿ ಮುಗಿಸಿದರು? ಕರಾರು ಮೂರು ವರ್ಷಕ್ಕಿದ್ದು ಪ್ರಬಂಧಕ್ಕೆ ನಾಲ್ಕು, ನಾಲ್ಕೂವರೆ ಹಿಡಿಯುವುದು ಅಲ್ಲಿ ತೀರಾ ಮಾಮೂಲು. ಕೊನೆಯ ವರ್ಷದ ಹಣ ಎಲ್ಲಿಂದ ಎನ್ನುವುದಕ್ಕೆ ಉತ್ತರವಿಲ್ಲದ ಗುಂಪಿಗೆ ಯೋಚಿಸಿ ಸೇರಿ. ವಿಶ್ವವಿದ್ಯಾಲಯದ ತಾತ್ಕಾಲಿಕ ಕರಾರುಗಳಿಗೆ ಕಾನೂನಿನ ಮಿತಿಯೂ ಇದೆ: ಡಾಕ್ಟರೇಟಿಗೆ ಮೊದಲು ಒಟ್ಟು 6 ವರ್ಷ.

ಬಿ.ಎಸ್‌ಸಿ. ಮೂರು ವರ್ಷ ಮುಗಿಯುತ್ತಿದೆ. ಎಂ.ಎಸ್‌ಸಿ. ಮಾಡದೆ ನೇರ ಪಿಎಚ್‌.ಡಿ.ಗೆ ಹೋಗಬಹುದೇ?
– ವಿದ್ಯಾರ್ಥಿ, ಉಜಿರೆ

ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯ ಅರ್ಹತೆ. ಅಪವಾದಗಳಿವೆ. ಗಟಿಂಗನ್‌ನ ನ್ಯೂರೊಸೈನ್ಸ್ ಮತ್ತು ಮಾಲಿಕ್ಯುಲರ್ ಬಯಾಲಜಿ ಕಾರ್ಯಕ್ರಮಗಳು ಪದವೀಧರರನ್ನು ತೆಗೆದುಕೊಂಡು, ಮೊದಲ ವರ್ಷ ಬಿಗಿಯಾದ ತರಗತಿ ನಡೆಸಿ, ಚೆನ್ನಾಗಿ ಮಾಡಿದವರನ್ನು ಎಂ.ಎಸ್‌ಸಿ. ಪ್ರಬಂಧವಿಲ್ಲದೆ ಪಿಎಚ್‌.ಡಿ.ಗೆ ಬಿಡುತ್ತವೆ. ಸೀಟು ಬಹಳ ಕಡಿಮೆ.

ನೇರ ದಾರಿಯೇ ರೂಢಿಯಾಗಿರುವುದು ಅಮೆರಿಕದಲ್ಲಿ. ಅಲ್ಲಿ 5–6 ವರ್ಷ, ಮೊದಲ ಎರಡು ವರ್ಷ ತರಗತಿ ಮತ್ತು ಅರ್ಹತಾ ಪರೀಕ್ಷೆ, ಬೋಧನೆ ಅಥವಾ ಸಂಶೋಧನಾ ಸಹಾಯಕರಾಗಿ ಸಂಬಳ. ಅರ್ಜಿ ಡಿಸೆಂಬರ್‌ನಲ್ಲಿ, ಹಣದ ಆಹ್ವಾನ ಬಂದವರು ಒಪ್ಪಿಗೆ ತಿಳಿಸಲು ರೂಢಿಯ ಕೊನೆಯ ದಿನ ಏಪ್ರಿಲ್ 15. ಆದರೆ ಮೂರು ವರ್ಷದ ಪದವಿಯನ್ನು ಹಲವು ವಿಶ್ವವಿದ್ಯಾಲಯಗಳು ತಮ್ಮ ನಾಲ್ಕು ವರ್ಷದ ಪದವಿಗೆ ಸಮ ಎಂದು ಒಪ್ಪುವುದಿಲ್ಲ. ಕರ್ನಾಟಕ ಸರ್ಕಾರ 2024–25ರಿಂದ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ ನಿಮ್ಮಂಥವರಿಗೆ ಈ ತೊಡಕು ಉಳಿದೇ ಇದೆ. ಇಲ್ಲಿ ಒಳ್ಳೆಯ ಕಡೆ ಎಂ.ಎಸ್‌ಸಿ. ಮಾಡಿ, ಅದರಲ್ಲಿ ಆರು ತಿಂಗಳಾದರೂ ನಿಜವಾದ ಲ್ಯಾಬ್ ಕೆಲಸ ಸೇರಿಸಿಕೊಳ್ಳಿ. ಆ ಎರಡು ವರ್ಷ ನಷ್ಟವಲ್ಲ, ಜರ್ಮನಿಯ ಬಾಗಿಲನ್ನು ತೆರೆಯುವುದೂ ಅದೇ.

ಹುದ್ದೆ ಸಿಕ್ಕಿದೆ, ಅಕ್ಟೋಬರ್ 1ಕ್ಕೆ ಸೇರಬೇಕು. ಬ್ಲಾಕ್ಡ್ ಅಕೌಂಟ್‌ನಲ್ಲಿ ಹನ್ನೊಂದು ಲಕ್ಷ ಇಡಬೇಕು ಅಂತ ಏಜೆಂಟ್ ಹೇಳುತ್ತಿದ್ದಾರೆ. ಹೆಂಡತಿಯನ್ನೂ ಕರೆದೊಯ್ಯುವ ಆಸೆ.
– ಓದುಗರು, ಹುಬ್ಬಳ್ಳಿ

ಬ್ಲಾಕ್ಡ್ ಅಕೌಂಟ್, ಅಂದರೆ ಮೊದಲೇ ಹಣ ಇಟ್ಟು ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆ, ಬೇಕಾಗುವುದು ಸ್ವಂತ ಹಣದಲ್ಲಿ ಓದುವವರಿಗೆ. 2024ರ ಸೆಪ್ಟೆಂಬರ್‌ನಿಂದ ಅದರ ಮೊತ್ತ ವರ್ಷಕ್ಕೆ 11,904 ಯೂರೊ, ತಿಂಗಳಿಗೆ 992. ನಿಮ್ಮ ಸಂಬಳ ಇದನ್ನು ದಾಟುತ್ತದೆ, ಕರಾರು ಪತ್ರವೇ ಪುರಾವೆ. ಆ ಏಜೆಂಟರ ಅಗತ್ಯವೂ ನಿಮಗಿಲ್ಲ.

ವೀಸಾ ಯಾವ ಕಲಮಿನಡಿ ಎನ್ನುವುದಕ್ಕೆ ಗಮನ ಕೊಡಿ. ವಾಸದ ಕಾನೂನಿನ 16ಬಿ ಕಲಮು ವ್ಯಾಸಂಗಕ್ಕೆ, 18ಡಿ ಸಂಶೋಧಕರಿಗೆ. ಸಂಶೋಧನಾ ಕರಾರು ಇರುವವರು ವಿಶ್ವವಿದ್ಯಾಲಯದಿಂದ ಆತಿಥ್ಯ ಒಪ್ಪಂದ ಪತ್ರ (ಹೋಸ್ಟಿಂಗ್ ಅಗ್ರಿಮೆಂಟ್) ಪಡೆದು 18ಡಿ ಕೇಳಬಹುದು. ಹೆಂಡತಿಗೆ ಇದರಿಂದ ದೊಡ್ಡ ಅನುಕೂಲ: 18ಡಿ ಇರುವವರ ಸಂಗಾತಿಗೆ ಜರ್ಮನ್ ಭಾಷೆಯ ಎ1 (ಆರಂಭಿಕ ಮಟ್ಟ) ಪರೀಕ್ಷೆಯ ಕಡ್ಡಾಯವಿಲ್ಲ, 16ಬಿಯಲ್ಲಿ ಸಾಮಾನ್ಯವಾಗಿ ಇದೆ. ವಿವಾಹ ನೋಂದಣಿ ಪ್ರಮಾಣಪತ್ರ ಈಗಲೇ ಸಿದ್ಧವಿರಲಿ, ಮದುವೆಯ ಕರೆಯೋಲೆ ಮತ್ತು ಫೋಟೊ ನಡೆಯುವುದಿಲ್ಲ. ಪಾಸ್‌ಪೋರ್ಟ್, ಪದವಿ ಪತ್ರ, ವಿವಾಹ ಪತ್ರಗಳಲ್ಲಿ ಇನಿಶಿಯಲ್ ಮತ್ತು ಉಪನಾಮ ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ಊರಿನ ಹೆಸರು ಬಿಡಿಸಿ ಬರೆದು ಇನ್ನೊಂದರಲ್ಲಿ ಅಕ್ಷರ ಮಾತ್ರ ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಕರ್ನಾಟಕದವರ ವೀಸಾ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೆ ಹೋಗುತ್ತದೆ. ಶುಲ್ಕ 75 ಯೂರೊಗೆ ಸಮನಾದ ರೂಪಾಯಿ. ಮೂರು ತಿಂಗಳಾದರೂ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ. ಅಂತಿಮ ಕರಾರಿಗೆ ಅಲ್ಲಿ ಹೋದ ಮೇಲೇ ಸಹಿಯಾಗುವುದಾದರೆ, ಸಂಬಳ ಮತ್ತು ಅವಧಿ ನಮೂದಿಸಿದ ನೇಮಕಾತಿ ಭರವಸೆ ಪತ್ರವನ್ನು ಸಿಬ್ಬಂದಿ ವಿಭಾಗದಿಂದ ಕೇಳಿ ಪಡೆಯಿರಿ. ವಿಮಾನ ಇಳಿದ ದಿನದಿಂದ ಕರಾರು ಶುರುವಾಗುವ ದಿನದವರೆಗೆ ಪ್ರವಾಸ ವಿಮೆ ಬೇಕು. ಮನೆ ಸಿಕ್ಕ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ನೋಂದಣಿಯಾದರೆ ಮಾತ್ರ ತೆರಿಗೆ ಸಂಖ್ಯೆ ಬರುತ್ತದೆ. ಅದಿಲ್ಲದಿದ್ದರೆ ಮೊದಲ ಸಂಬಳದಲ್ಲಿ ಅತಿ ಹೆಚ್ಚಿನ ದರದ ಆರನೇ ವರ್ಗದ ತೆರಿಗೆ ಕಡಿಯುತ್ತಾರೆ. ಆಮೇಲೆ ಸರಿಹೋಗುತ್ತದೆ, ಆದರೆ ಮುಂಗಡ ಬಾಡಿಗೆ ಕಟ್ಟಬೇಕಾದ ತಿಂಗಳಲ್ಲೇ ಕೈ ಬರಿದಾಗುತ್ತದೆ.

ಕನ್ನಡ ಎಂ.ಎ. ಮಾಡಿದ್ದೇನೆ. ಬಾಸೆಲ್ ಮಿಶನ್‌ನ ಕನ್ನಡ ಕೆಲಸದ ಬಗ್ಗೆ ಜರ್ಮನಿಯಲ್ಲಿ ಪಿಎಚ್‌.ಡಿ. ಮಾಡುವ ಆಸೆ. ವಿಜ್ಞಾನದವರಿಗೆ ಮಾತ್ರ ಅವಕಾಶವೇ?
– ಅತಿಥಿ ಉಪನ್ಯಾಸಕಿ, ಧಾರವಾಡ

ಖಂಡಿತ ಅಲ್ಲ. ಈ ವಿಷಯದ ಮೂಲ ಸಾಮಗ್ರಿ ಆ ಕಡೆಯೇ ಇದೆ. ಈ ಕ್ರೈಸ್ತ ಮಿಶನ್ ಹುಟ್ಟಿದ್ದು 1815ರಲ್ಲಿ, ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು, ಫರ್ಡಿನಾಂಡ್ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಬಂತು. ಅವರ ವರದಿ, ಪತ್ರ, ಛಾಯಾಚಿತ್ರಗಳ ದೊಡ್ಡ ಭಂಡಾರ ಬಾಸೆಲ್ ಊರಿನಲ್ಲಿದೆ, ಅಂದರೆ ಸ್ವಿಟ್ಜರ್ಲೆಂಡಿನಲ್ಲಿ. ಗಡಿಯಾಚೆ ಹತ್ತಿರದಲ್ಲೇ ಜರ್ಮನಿ. ಆದ್ದರಿಂದ ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ವಿದ್ಯಾರ್ಥಿವೇತನವನ್ನೂ ನೋಡಿ. ಅದಕ್ಕೆ ಸ್ವಿಸ್ ಪ್ರಾಧ್ಯಾಪಕರೊಬ್ಬರ ಒಪ್ಪಿಗೆ ಪತ್ರ ಬೇಕೇ ಬೇಕು. ಹೊರಡುವ ಮೊದಲು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ನೋಡಿಬನ್ನಿ. ಅಲ್ಲಿರುವುದನ್ನು ನೋಡದೆ ಬರೆದ ಸಂಶೋಧನಾ ಪ್ರಸ್ತಾವ ಟೊಳ್ಳಾಗಿರುತ್ತದೆ.

ಜರ್ಮನಿಯಲ್ಲಿ ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ 1962ರಿಂದ ಇದೆ. ತುಳು ಪಾಡ್ದನಗಳ ಮೇಲೆ ಕೆಲಸ ಮಾಡಿದ ಹೈಡ್ರುನ್ ಬ್ರೂಕ್ನರ್ ವುರ್ಟ್ಸ್‌ಬರ್ಗ್‌ನಲ್ಲಿ, ಕನ್ನಡ ಕಲಿಸಿದ ರಾಬರ್ಟ್ ಜೈಡೆನ್‌ಬಾಸ್ ಮ್ಯೂನಿಕ್‌ನಲ್ಲಿ ಪಾಠ ಮಾಡಿದವರು. ಹುಡುಕಿದಾಗ ಇಂಥ ಪರಿಚಿತ ಹೆಸರುಗಳೇ ಮೊದಲು ಬರುತ್ತವೆ. ಆದರೆ ಪತ್ರ ಬರೆಯುವ ಮೊದಲು ಆ ಪ್ರಾಧ್ಯಾಪಕರು ಈಗ ಸೇವೆಯಲ್ಲಿದ್ದಾರೆಯೇ ನೋಡಿ. ನಿವೃತ್ತರು ಹೊಸ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವುದು ಅಪರೂಪ. ಭಾರತಶಾಸ್ತ್ರ ವಿಭಾಗಗಳಿಗಷ್ಟೇ ಅಂಟಿಕೊಳ್ಳಬೇಡಿ. ಮಿಶನ್ ಇತಿಹಾಸ, ಮುದ್ರಣದ ಇತಿಹಾಸ, ಅನುವಾದ ಅಧ್ಯಯನ ವಿಭಾಗಗಳಲ್ಲೂ ನಿಮ್ಮ ವಿಷಯಕ್ಕೆ ಜಾಗ ಇದೆ.

ಭಾಷೆ ನಿಮಗೆ ಮುಖ್ಯ ಪ್ರಶ್ನೆ. ಪ್ರಬಂಧ ಇಂಗ್ಲಿಷಿನಲ್ಲಿ ಬರೆದರೂ ಮೂಲ ಪತ್ರಗಳಿರುವುದು ಜರ್ಮನ್‌ನಲ್ಲಿ, ಅದೂ 19ನೇ ಶತಮಾನದ ‘ಕುರೆಂಟ್’ ಎಂಬ ಹಳೆಯ ಕೈಬರಹದಲ್ಲಿ. ಇವತ್ತಿನ ಜರ್ಮನರಿಗೇ ಅದು ಓದಲು ಬಾರದು. ಮೋಡಿ ಲಿಪಿಯ ಕಾಗದ ನೋಡಿದವರಿಗೆ ಆ ಕಷ್ಟ ಅಂದಾಜಾಗುತ್ತದೆ. ಬಿ1 (ಮಧ್ಯಮ) ಮಟ್ಟದ ಜರ್ಮನ್ ಇಲ್ಲೇ ಮುಗಿಸಿ, ಜೊತೆಗೆ ದಿನಕ್ಕೆ ಅರ್ಧ ಗಂಟೆ ಕುರೆಂಟ್ ಅಕ್ಷರ ತಿದ್ದಿ. ‘ಮೂಲ ಓದಬಲ್ಲೆ, ಹಳಗನ್ನಡವೂ ಬರುತ್ತದೆ’ ಎನ್ನುವ ಅಭ್ಯರ್ಥಿ ಯಾವ ಪ್ರಾಧ್ಯಾಪಕರಿಗೂ ದಿನಾ ಸಿಗುವುದಿಲ್ಲ. ಕನ್ನಡ ಎಂ.ಎ. ಅನ್ನುವುದನ್ನು ಸಂಕೋಚದಿಂದ ಬರೆದಿದ್ದೀರಿ. ಈ ವಿಷಯಕ್ಕೆ ಅದೇ ನಿಮ್ಮ ದೊಡ್ಡ ಬಲ.

ಹಣದ ಬಗ್ಗೆ ಒಂದು ಎಚ್ಚರಿಕೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಇರುವ ಅತಿ ಮುಖ್ಯ ನೆರವು: ವರ್ಷಕ್ಕೆ 125 ಮಂದಿಗೆ, ವಯಸ್ಸು 35ರೊಳಗೆ, ಕುಟುಂಬದ ಆದಾಯ 8 ಲಕ್ಷದೊಳಗೆ, ಅಂಕ ಶೇ 60. ಆದರೆ 2022ರ ತಿದ್ದುಪಡಿಯ ಪ್ರಕಾರ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಾಮಾಜಿಕ ಅಧ್ಯಯನಗಳ ವಿಷಯಕ್ಕೆ ಅದು ಸಿಗದು. ತನ್ನ ಸಮುದಾಯದ ಚರಿತ್ರೆಯನ್ನೇ ಓದಬಯಸುವ ವಿದ್ಯಾರ್ಥಿಯನ್ನು ಹೊರಗಿಡುವ ಈ ನಿಯಮ ಅನ್ಯಾಯದ್ದು ಎಂದೇ ನಾವು ಭಾವಿಸುತ್ತೇವೆ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ವಿದೇಶ ವ್ಯಾಸಂಗ ನೆರವಿನ ‘ಪ್ರಬುದ್ಧ’ ಯೋಜನೆಯನ್ನೂ ಅರ್ಹರು ನೋಡಬೇಕು.

ಐಟಿ ಕಂಪನಿಯಲ್ಲಿ 11 ವರ್ಷದ ಅನುಭವ. ಕೆಲಸ ಬಿಡದೆ ಆನ್‌ಲೈನ್‌ನಲ್ಲಿ ಯುರೋಪಿನ ಡಾಕ್ಟರೇಟ್ ಕೊಡಿಸುತ್ತೇವೆ, 18 ತಿಂಗಳಲ್ಲಿ ಮುಗಿಯುತ್ತದೆ ಅಂತ ಒಂದು ಸಂಸ್ಥೆ ಕರೆ ಮಾಡುತ್ತಿದೆ.
– ಓದುಗರು, ವೈಟ್‌ಫೀಲ್ಡ್

ಹಣ ಕಟ್ಟಬೇಡಿ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್‌.ಡಿ.ಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರ್‌ನಲ್ಲೇ ಎಚ್ಚರಿಸಿವೆ. ದುಡ್ಡು ತೆಗೆದುಕೊಂಡು ಗೈಡ್ ಹುಡುಕಿಕೊಡುವ ಮಧ್ಯವರ್ತಿಗಳ ಜಾಲ ಜರ್ಮನಿಯಲ್ಲೂ ಇತ್ತು. 2009ರಲ್ಲಿ ಕಲೋನ್‌ನ ಪ್ರಾಸಿಕ್ಯೂಟರ್‌ಗಳು ಸುಮಾರು ನೂರು ಪ್ರಾಧ್ಯಾಪಕರ ಮೇಲೆ ಲಂಚದ ತನಿಖೆ ನಡೆಸಿದರು.

ಕೆಲಸದ ಜೊತೆಗೇ ಮಾಡುವ ನೇರ ದಾರಿಗಳು ಇವೆ, ಆದರೆ 18 ತಿಂಗಳಲ್ಲಿ ಯಾವುದೂ ಮುಗಿಯುವುದಿಲ್ಲ. ಬಾಷ್‌ನಂಥ ಕಂಪನಿಗಳು ಜರ್ಮನಿಯಲ್ಲಿ ಡಾಕ್ಟರೇಟ್ ಹುದ್ದೆಗಳನ್ನು ಪ್ರಕಟಿಸುತ್ತವೆ. ಸಂಬಳ ಕಂಪನಿಯದು, ಪದವಿ ವಿಶ್ವವಿದ್ಯಾಲಯದ್ದು. ಅಲ್ಲಿ ಸಹಿ ಹಾಕುವ ಮೊದಲು ಫಲಿತಾಂಶ ಪ್ರಕಟಿಸುವ ಹಕ್ಕು ಯಾರದ್ದು ಎಂದು ಬರಹದಲ್ಲಿ ಪಡೆಯಿರಿ. ಗೋಪ್ಯತೆಯ ಷರತ್ತು ಪ್ರಬಂಧವನ್ನು ವರ್ಷಗಟ್ಟಲೆ ತಡೆಹಿಡಿದರೆ ನಿಮ್ಮ ಪದವಿಯೂ ತಡೆಯುತ್ತದೆ. ಇನ್ನೊಂದು, ಭಾರತದಲ್ಲಿ ಕುಳಿತೇ ಬಾಹ್ಯ ಅಭ್ಯರ್ಥಿಯಾಗುವುದು. ಪ್ರಾಧ್ಯಾಪಕರು ನಿಮ್ಮನ್ನು ಚೆನ್ನಾಗಿ ಬಲ್ಲವರಾಗಿದ್ದು ವರ್ಷಕ್ಕೆ ಕೆಲವು ವಾರ ಹೋಗಿಬರುವ ಅನುಕೂಲ ಇದ್ದರೆ ಮಾತ್ರ ಅದು ದಡ ಸೇರುತ್ತದೆ.

ಎರಡು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಗೈಡ್ ಮೂರು ತಿಂಗಳಿಗೊಮ್ಮೆಯೂ ಸಿಗುವುದಿಲ್ಲ. ಬಿಟ್ಟು ಬರಲೇ?
– ಹೆಸರು ಬೇಡ ಎಂದವರು

ಬಿಡುವ ನಿರ್ಧಾರ ಇವತ್ತು ಬೇಡ. ಸೇರುವಾಗ ಸಹಿಯಾದ ಮಾರ್ಗದರ್ಶನ ಒಪ್ಪಂದ ತೆಗೆದು ನೋಡಿ. ಭೇಟಿಗಳ ಸಂಖ್ಯೆ, ಎರಡನೇ ಮಾರ್ಗದರ್ಶಕರ ಹೆಸರು ಅದರಲ್ಲಿರುತ್ತದೆ. ಒಂದು ಪುಟದ ಪ್ರಗತಿ ವರದಿ ಬರೆದು, ಮೂರು ಖಚಿತ ಪ್ರಶ್ನೆ ಹಾಕಿ, ದಿನಾಂಕ ಸೂಚಿಸಿ ಇಬ್ಬರಿಗೂ ಇಮೇಲ್ ಮಾಡಿ. ‘ಮಾತಾಡಬೇಕಿತ್ತು’ ಎಂಬ ಇಮೇಲ್ ಅಲ್ಲಿ ಕೆಳಗೆ ಸರಿದುಹೋಗುತ್ತದೆ. ಆಮೇಲೂ ಆಗದಿದ್ದರೆ ಪ್ರತಿ ವಿಶ್ವವಿದ್ಯಾಲಯದಲ್ಲೂ ಒಂಬುಡ್ಸ್‌ಮನ್, ಅಂದರೆ ದೂರು ಕೇಳುವ ತಟಸ್ಥ ವ್ಯಕ್ತಿ, ಇದ್ದಾರೆ, ಮಾತು ಗೋಪ್ಯವಾಗಿರುತ್ತದೆ. ಗೈಡ್ ಬದಲಾಯಿಸಬಹುದು, ಆದರೆ ಕರಾರು ಹಳೆಯ ಗೈಡ್‌ನ ಪ್ರಾಜೆಕ್ಟಿಗೆ ಸೇರಿದ್ದರೆ ಸಂಬಳವೂ ವಾಸದ ಪರವಾನಗಿಯೂ ಅದರ ಜೊತೆಗೇ ಅಲುಗಾಡುತ್ತದೆ. ಹೊಸ ಹಣ ಖಚಿತವಾಗುವ ಮೊದಲು ರಾಜೀನಾಮೆ ಕೊಡಬೇಡಿ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದೂ ಬರೆದಿದ್ದೀರಿ. ವಿದ್ಯಾರ್ಥಿ ಸೇವಾ ಕೇಂದ್ರದಲ್ಲಿ ಇಂಗ್ಲಿಷಿನಲ್ಲೂ ಆಪ್ತಸಲಹೆ ಸಿಗುತ್ತದೆ, ಈ ವಾರವೇ ಹೋಗಿ.

ಮುಗಿಸಿ ಬಂದ ಮೇಲೆ ಇಲ್ಲಿ ಸಹಾಯಕ ಪ್ರಾಧ್ಯಾಪಕನಾಗಲು ಮತ್ತೆ ನೆಟ್ ಬರೆಯಬೇಕೇ? ‘ಡಾ.’ ಯಾವಾಗಿನಿಂದ ಹಾಕಿಕೊಳ್ಳಬಹುದು?
– ಸಂಶೋಧನಾ ವಿದ್ಯಾರ್ಥಿ, ಶಿವಮೊಗ್ಗ ಮೂಲದವರು

ಯುಜಿಸಿಯ 2018ರ ನೇಮಕಾತಿ ನಿಯಮದಂತೆ ಕ್ಯೂಎಸ್, ಟೈಮ್ಸ್ ಹೈಯರ್ ಎಜುಕೇಶನ್ ಅಥವಾ ಶಾಂಘೈ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯಲ್ಲಿ ಯಾವಾಗಲಾದರೂ ಮೊದಲ 500ರೊಳಗೆ ಬಂದ ವಿದೇಶಿ ವಿಶ್ವವಿದ್ಯಾಲಯದ ಪಿಎಚ್‌.ಡಿ. ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಬೇಡ. ಆ ಪಟ್ಟಿಯ ಪುಟವನ್ನು ವರ್ಷ ಕಾಣುವಂತೆ ಮುದ್ರಿಸಿಟ್ಟುಕೊಳ್ಳಿ, ಸಂದರ್ಶನದಲ್ಲಿ ಕೇಳುತ್ತಾರೆ. ನಿಮ್ಮ ಪದವಿ ಪತ್ರ ಕೊಡುವುದು ವಿಶ್ವವಿದ್ಯಾಲಯವಾದ್ದರಿಂದ ಲೆಕ್ಕಕ್ಕೆ ಬರುವುದು ಅದರ ಸ್ಥಾನ, ನೀವು ಕೆಲಸ ಮಾಡಿದ ಸಂಸ್ಥೆಯದಲ್ಲ.

‘ಡಾ.’ ಬಗ್ಗೆ ಜರ್ಮನಿಯಲ್ಲಿ ಕಾನೂನೇ ಇದೆ. ಮೌಖಿಕ ಪರೀಕ್ಷೆ ಮುಗಿದ ಸಂಜೆ ಗೆಳೆಯರು ಅಭಿನಂದಿಸಿದರೂ ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ಪ್ರಬಂಧ ಪ್ರಕಟವಾಗಬೇಕು. ಪ್ರಕಾಶಕರ ಮೂಲಕವೋ ವಿಶ್ವವಿದ್ಯಾಲಯದ ಆನ್‌ಲೈನ್ ಭಂಡಾರದಲ್ಲೋ ನಿಗದಿತ ಪ್ರತಿ ಸಲ್ಲಿಸಿ ಪದವಿ ಪತ್ರ ಕೈಗೆ ಬಂದ ಮೇಲೆ ಮಾತ್ರ ಹಕ್ಕು. ಅದಕ್ಕೆ ಮೊದಲೇ ಬಳಸುವುದು ದಂಡ ಸಂಹಿತೆಯ 132ಎ ಕಲಮಿನಡಿ ಅಪರಾಧ. ಊರಿಗೆ ಮರಳಿ ಕೆಲಸಕ್ಕೆ ಸೇರುವ ಆತುರದಲ್ಲಿ ಪ್ರಕಟಣೆಯನ್ನು ಮುಂದೂಡಿದರೆ ಗಡುವು ಮೀರಿ ತೊಂದರೆಯಾಗುತ್ತದೆ. ಮೌಖಿಕ ಪರೀಕ್ಷೆ ಮುಗಿದ ವಾರದಲ್ಲೇ ಪರೀಕ್ಷಕರು ಹೇಳಿದ ತಿದ್ದುಪಡಿ ಮಾಡಿ ಗ್ರಂಥಾಲಯಕ್ಕೆ ಕೊಟ್ಟುಬಿಡಿ.